ಗುಜರಿ ಸಾಮಾನಿನಿಂದ ಮಗಳಿಗೆ ಬ್ಯಾಟರಿ ಕಾರು: ಯಾವುದು ಹಳೆಯದಿದ್ದರೆ ನಡೆಯುತ್ತೆ, ಯಾವುದು ಹೊಸದೇ ಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾವಿರೋದು ಪುಣೆಯ ಸಿಂಹಗಡ ರಸ್ತೆಯಲ್ಲಿ. ಮಗಳಿಗೆ 4 ವರ್ಷ, ತೂಕ 16 ಕಿಲೋ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಒಬ್ಬರು ಮಕ್ಕಳು ಕೂತು ಓಡಿಸುವ 12 ವೋಲ್ಟಿನ ಬ್ಯಾಟರಿ ಕಾರನ್ನು ಭಂಗಾರಕ್ಕೆ (ಇಲ್ಲಿ ಮರಾಠಿಯಲ್ಲಿ ಗುಜರಿಗೆ ಹೀಗಂತಾರೆ) ಹಾಕಲು ಹೊರಟಿದ್ದರು. ನಾನು ಕೇಳಿ ತಂದಿಟ್ಟುಕೊಂಡೆ. ಬಾಡಿ ಚೆನ್ನಾಗಿದೆ. ಒಂದು ಕಡೆಯ ಗೇರ್‌ಬಾಕ್ಸ್ ಕಟಕಟ ಅನ್ನುತ್ತೆ, ಚಕ್ರ ತಿರುಗಲ್ಲ. ಹಳೇ ಸಾಮಾನಿನ ಸಂತೆ ಜೂನಾ ಬಜಾರ್‌ನಲ್ಲಿ ವ್ಯಾನಿನ ಎರಡು ವೈಪರ್ ಮೋಟರ್ ಸಿಕ್ಕಿವೆ. ಆಫೀಸಿನ ಯುಪಿಎಸ್‌ನಿಂದ ತೆಗೆದ 12 ವೋಲ್ಟ್ 7 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಎರಡಿವೆ. ಭಾವಮೈದುನ ತನ್ನ ಕೆಟ್ಟ ಹೋವರ್‌ಬೋರ್ಡ್ (ನಿಂತು ಓಡಿಸುವ ಎರಡು ಚಕ್ರದ ಹಲಗೆ) ಕೊಡ್ತೀನಿ ಅಂತಾನೆ. ಇವುಗಳಲ್ಲಿ ಯಾವುದನ್ನು ಬಳಸಲಿ? ಎರಡೂ ಬ್ಯಾಟರಿ ಸೇರಿಸಿ 24 ವೋಲ್ಟ್ ಕೊಟ್ಟರೆ ಬೇಸ್‌ಮೆಂಟಿನ ರ‍್ಯಾಂಪ್ ಹತ್ತುತ್ತಾ? ಮನೆಯವಳು ಇದೆಲ್ಲ ಬೇಡ, ಹೊಸದೇ ತರೋಣ ಅಂತಾಳೆ. ಪಕ್ಕದ ಫ್ಲ್ಯಾಟಿನವರು ತಮಗೂ ಒಂದು ಮಾಡಿಕೊಡಿ, ದುಡ್ಡು ಕೊಡ್ತೀವಿ ಅಂತಿದ್ದಾರೆ.

ಉತ್ತರ: ನಮಸ್ಕಾರ. ಮೊದಲು ಒಂದು ಮಾತು. ಪುಣೆಗೆ ಬಂದ ಹೊಸದರಲ್ಲಿ ಬೀದಿಯಲ್ಲಿ ಭಂಗಾರದವನು ಕೂಗಿಕೊಂಡು ಹೋದಾಗ ನಮ್ಮ ತಾಯಿ, ಇದೇನು ಇಲ್ಲಿ ಬಂಗಾರವನ್ನು ತಳ್ಳುಗಾಡಿಯಲ್ಲಿ ಮಾರ್ತಾರಾ ಅಂತ ಕೇಳಿದ್ದರು. ಭೋಸರಿಯಲ್ಲಿ ಇಷ್ಟು ವರ್ಷ ಮೋಟರ್ ರಿಪೇರಿ ಮಾಡಿದ ಮೇಲೆ ಅವರ ಮಾತು ನನಗೆ ತಪ್ಪು ಅನ್ನಿಸೋದಿಲ್ಲ. ಗುಜರಿಗೆ ಹೋಗುವ ಅರ್ಧದಷ್ಟು ಮೋಟರ್‌ಗಳು ಬರೀ ಬ್ರಷ್ (ಒಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಸವೆದವು ಅಥವಾ ವೈರ್ ಕಿತ್ತವು. ಹಾಗಾಗಿ ನೀವು ಆ ಕಾರನ್ನು ಉಳಿಸಿಕೊಂಡಿದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ಆದರೆ ನಿಮ್ಮ ಪ್ರಶ್ನೆಯೆಲ್ಲ ಗಾಡಿ ಓಡೋದರ ಬಗ್ಗೆ ಇದೆ. ನಿಲ್ಲೋದರ ಬಗ್ಗೆ ಒಂದು ಪದವೂ ಇಲ್ಲ. ನಾನು ಅಲ್ಲಿಂದಲೇ ಶುರು ಮಾಡ್ತೀನಿ, ಯಾಕೆ ಅಂತ ಹೇಳ್ತೀನಿ.

ಎಂಟು ಹತ್ತು ವರ್ಷದ ಹಿಂದೆ ನಿಗಡಿಯಲ್ಲಿರುವ ನನ್ನ ತಂಗಿಯ ಮಗನಿಗೆ ಇಂಥದ್ದೇ ಒಂದು ಗಾಡಿ ಕಟ್ಟಿದ್ದೆ. ಚಾಸಿ ಗಟ್ಟಿ, ಮೋಟರ್ ಗಟ್ಟಿ. ಕಾಲಿನ ಪೆಡಲ್‌ಗೆ ಮಾತ್ರ ಹಳೆಯ ಮಶಿನ್ ಒಂದರಿಂದ ಕಿತ್ತ ಸ್ವಿಚ್ ಹಾಕಿದ್ದೆ. ಒತ್ತಿದರೆ ಟಕ್ ಅಂತ ಚೆನ್ನಾಗೇ ಸದ್ದು ಬರುತ್ತಿತ್ತು. ಮೂರನೇ ದಿನ ಹುಡುಗ ಪೆಡಲ್‌ನಿಂದ ಕಾಲು ತೆಗೆದ, ಗಾಡಿ ನಿಲ್ಲಲಿಲ್ಲ. ನೇರ ಹೋಗಿ ಕಾಂಪೌಂಡ್ ಗೋಡೆಗೆ ಬಡಿಯಿತು. ಗದ್ದಕ್ಕೆ ಮೂರು ಹೊಲಿಗೆ. ಆ ರಾತ್ರಿ ಸ್ವಿಚ್ ಬಿಚ್ಚಿ ಟೇಬಲ್ ಮೇಲಿಟ್ಟು ನೋಡಿದೆ. ಒಳಗಿನ ಎರಡು ಪುಟ್ಟ ತಾಮ್ರದ ನಾಲಿಗೆ, ಅವುಗಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಬೆಳ್ಳಗಿನ ಗುಂಡಿ. ಎರಡೂ ಗುಂಡಿಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಸುತ್ತ ಕಪ್ಪು ಮಸಿ. ಸ್ಕ್ರೂಡ್ರೈವರ್ ತುದಿ ಹಾಕಿ ಮೀಟಿದಾಗ ಚಟ್ ಅಂತ ಬಿಟ್ಟುಕೊಂಡವು. ಮೇಲಿನ ಬಟನ್ ಎದ್ದಿತ್ತು, ಟಕ್ ಅಂತ ಸದ್ದೂ ಬಂದಿತ್ತು, ಒಳಗೆ ಕರೆಂಟ್ ಮಾತ್ರ ಹರಿಯುತ್ತಲೇ ಇತ್ತು.

ಕಾರಣ ಸರಳ. ಅದು ಎಸಿ ಕರೆಂಟಿನ 6 ಆಂಪಿಯರ್ ಸ್ವಿಚ್. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಅದಕ್ಕೇ ಸ್ವಿಚ್ ಬಿಟ್ಟಾಗ ಕಿಡಿ ತಾನಾಗಿ ಆರುತ್ತದೆ. ಬ್ಯಾಟರಿಯ ಡಿಸಿ ಹಾಗಲ್ಲ, ಕಿಡಿ ಎಳೆದುಕೊಂಡೇ ಇರುತ್ತದೆ. ಅದರ ಮೇಲೆ ಮೋಟರ್ ನಿಂತಲ್ಲಿಂದ ಎದ್ದೇಳುವಾಗ, ಓಡುವಾಗಿನ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತದೆ. ಓಡುವಾಗ 5 ಆಂಪಿಯರ್ ತಗೊಳ್ಳೋ ಗಾಡಿ ಏಳುವಾಗ 20, 25 ಕೇಳುತ್ತದೆ.

ಅವತ್ತಿನಿಂದ ನಾನು ಒಂದೇ ಲೆಕ್ಕ ಇಟ್ಟುಕೊಂಡಿದ್ದೇನೆ. ಯಾವ ಭಾಗ ಕೈಕೊಟ್ಟರೆ ಗಾಡಿ ಸುಮ್ನೆ ನಿಂತುಬಿಡುತ್ತದೋ ಅದು ಗುಜರಿಯದಾಗಿರಲಿ, ಪರವಾಗಿಲ್ಲ. ಯಾವುದು ಕೈಕೊಟ್ಟರೆ ಗಾಡಿ ನಿಲ್ಲೋದಿಲ್ಲವೋ ಅಥವಾ ಬೆಂಕಿ ಹತ್ತುತ್ತದೋ ಅದು ಹೊಸದೇ ಆಗಬೇಕು. ಬಾಡಿ, ಚಾಸಿ, ಸೀಟು, ಮೋಟರ್, ಗೇರ್, ಹಾರ್ನ್, ಲೈಟು ಹಳೆಯವಿರಲಿ. ಸ್ವಿಚ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್), ಫ್ಯೂಸು, ವೈರು, ಚಾರ್ಜರ್, ಸ್ಟೀರಿಂಗಿನ ನಟ್ಟು ಬೋಲ್ಟು ಹೊಸವು. ಬ್ಯಾಟರಿಯ ವಿಷಯ ಮುಂದೆ ಹೇಳ್ತೀನಿ. ನಿಮ್ಮ ಮನೆಯವರು ಹೇಳೋದರಲ್ಲಿ ಅರ್ಧ ಸರಿ ಇದೆ ಅಂತ ಅವರಿಗೆ ತಿಳಿಸಿ.

ಈಗ ನಿಮ್ಮ ಸಾಮಾನು ಒಂದೊಂದಾಗಿ ನೋಡೋಣ.

ಹೋವರ್‌ಬೋರ್ಡ್ ಬೇಡ. ಅದರ ಮೋಟರ್‌ಗಳು ಚಕ್ರದ ಒಳಗೇ ಇರುತ್ತವೆ, ನೋಡಲು ಆಸೆಯಾಗುತ್ತದೆ. ಆದರೆ ಅವು 36 ವೋಲ್ಟಿನ ಬ್ರಷ್ ಇಲ್ಲದ ಮೋಟರ್‌ಗಳು, ಅವಕ್ಕೆ ಬೇರೆ ಕಂಟ್ರೋಲರ್ ಬೇಕು, ವೇಗ 4 ವರ್ಷದ ಮಗುವಿಗೆ ತೀರಾ ಜಾಸ್ತಿ. ಚಕ್ರಗಳನ್ನು ಬಿಚ್ಚಿ ಎತ್ತಿಡಿ, ಮಗಳಿಗೆ ಹತ್ತು ವರ್ಷ ಆದಾಗ ಇಬ್ಬರೂ ಕೂತು ಏನಾದರೂ ಮಾಡಬಹುದು. ಒಳಗಿರುವ ಲಿಥಿಯಂ ಬ್ಯಾಟರಿ ಪ್ಯಾಕ್ ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಎಷ್ಟು ಸಲ ಬಿದ್ದಿದೆಯೋ, ಎಷ್ಟು ದಿನ ಖಾಲಿ ಬಿದ್ದಿತ್ತೋ ಗೊತ್ತಿಲ್ಲದ ಲಿಥಿಯಂ ಪ್ಯಾಕ್ ಅನ್ನು ಮಗು ಕೂರುವ ಸೀಟಿನ ಕೆಳಗೆ ಇಡೋ ಮಾತೇ ಇಲ್ಲ. ಚಾರ್ಜ್ ಮಾಡಿ ನೋಡೋಣ ಅಂತಲೂ ಹೋಗಬೇಡಿ. ಇ-ಕಸ ತಗೊಳ್ಳುವವರಿಗೆ ಕೊಡಿ, ಮನೆಯ ಕಸದ ಜೊತೆ ಹಾಕಬೇಡಿ.

ವೈಪರ್ ಮೋಟರ್ ಒಳ್ಳೆಯ ಮಾಲು, ನಿಮಗೆ ಎರಡು ಸಿಕ್ಕಿದ್ದು ಅದೃಷ್ಟ. ಒಳಗೆ ವರ್ಮ್ ಗೇರ್ ಇರುತ್ತದೆ, ಅಂದರೆ ಸ್ಕ್ರೂ ತರಹದ ಒಂದು ಕಡ್ಡಿ ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 45 ಸುತ್ತು ನಿಧಾನದ್ದು, 65ರ ಆಸುಪಾಸು ಜೋರಿನದ್ದು. 25 ಸೆಂಟಿಮೀಟರ್ ಅಡ್ಡಳತೆಯ ಚಕ್ರವನ್ನು ನೇರವಾಗಿ ಕೂರಿಸಿದರೆ ಒಂದು ಸುತ್ತಿಗೆ 78 ಸೆಂಟಿಮೀಟರ್ ಸಾಗುತ್ತದೆ, 45 ಸುತ್ತಿಗೆ ಗಂಟೆಗೆ 2 ಕಿಲೋಮೀಟರ್ ಚಿಲ್ಲರೆ, 65ಕ್ಕೆ 3. ನಿಮ್ಮ ಮಗಳ ವಯಸ್ಸಿಗೆ ಇದು ಸರಿಯಾದ ವೇಗ. ಆದರೆ ವರ್ಮ್ ಗೇರಿನ ಸ್ವಭಾವ ತಿಳಿದುಕೊಂಡಿರಿ. ಮೋಟರ್ ಚಕ್ರವನ್ನು ತಿರುಗಿಸಬಹುದು, ಚಕ್ರ ಮೋಟರನ್ನು ತಿರುಗಿಸಲಾರದು. ಕರೆಂಟ್ ಕಡಿದ ಕ್ಷಣ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ. ಇಳಿಜಾರಿನಲ್ಲಿ ಇದು ಹ್ಯಾಂಡ್ ಬ್ರೇಕ್ ಇದ್ದ ಹಾಗೆ, ತುಂಬಾ ಒಳ್ಳೆಯದು. ಸಮ ನೆಲದಲ್ಲಿ ಮಗು ಮುಂದಕ್ಕೆ ಮುಗ್ಗರಿಸುತ್ತದೆ. ಬ್ಯಾಟರಿ ಮುಗಿದರೆ ತಳ್ಳಿಕೊಂಡು ಬರಲೂ ಆಗಲ್ಲ, ಎತ್ತಿಕೊಂಡೇ ಬರಬೇಕು.

ಇನ್ನೊಂದು ತೊಡಕಿದೆ. ಎಷ್ಟೋ ವೈಪರ್ ಮೋಟರ್‌ಗಳಲ್ಲಿ ನೆಗೆಟಿವ್ ಮೋಟರಿನ ಮೈಗೇ ಕೊಟ್ಟಿರುತ್ತಾರೆ. ರಿವರ್ಸ್‌ಗೆ ಪ್ಲಸ್ ಮೈನಸ್ ಅದಲು ಬದಲು ಮಾಡಿದಾಗ ಮೋಟರಿನ ಮೈ ಪ್ಲಸ್ ಆಗುತ್ತದೆ. ಎರಡನ್ನೂ ಕಬ್ಬಿಣದ ಚಾಸಿಗೆ ಬೋಲ್ಟ್ ಮಾಡಿದ್ದರೆ, ಚಾಸಿಗೆ ಬ್ಯಾಟರಿಯ ಮೈನಸ್ ಎಲ್ಲಾದರೂ ತಾಗಿದ್ದರೆ, ಅಲ್ಲೇ ಶಾರ್ಟು. ಹಾಗಾಗಿ ಮೋಟರನ್ನು ಪ್ಲೈವುಡ್ ತುಂಡಿನ ಮೇಲೆ ರಬ್ಬರ್ ಹಾಳೆ ಹಾಕಿ ಕೂರಿಸಬೇಕು. ಜೋರಿನ ವೈರಿಗೆ ಕೈ ಹಚ್ಚಬೇಡಿ, ಎರಡೂ ದಿಕ್ಕಿಗೆ ನಿಧಾನದ ವೈರನ್ನೇ ಬಳಸಿ. ವೈಪರನ್ನು ಮೂಲೆಗೆ ತಂದು ನಿಲ್ಲಿಸುವ ಪಾರ್ಕಿಂಗ್ ವೈರು ಖಾಲಿ ಇರಲಿ, ತುದಿಗೆ ಟೇಪ್ ಸುತ್ತಿ.

ಇಷ್ಟೆಲ್ಲ ಹೇಳಿದ ಮೇಲೂ ನಿಮಗೆ ನನ್ನ ಸಲಹೆ ಬೇರೆಯೇ: ಮೊದಲು ಇದ್ದ ಗಾಡಿಯನ್ನೇ ಎಬ್ಬಿಸಿ. ವೈಪರ್ ಮೋಟರ್ ಹಾಕಬೇಕಾದರೆ ಹಿಂದಿನ ಶಾಫ್ಟ್, ಚಕ್ರ, ಬುಷ್ ಎಲ್ಲ ಹೊಸದಾಗಿ ಮಾಡಿಸಬೇಕು, ವೆಲ್ಡಿಂಗ್ ಅಂಗಡಿಗೆ ನಾಲ್ಕು ಸಲ ಅಲೆಯಬೇಕು. ಅದೇ ಕಟಕಟ ಅನ್ನುವ ಗೇರ್‌ಬಾಕ್ಸ್ ಒಂದು ಭಾನುವಾರದ ಕೆಲಸ. ಚಕ್ರ ತೆಗೆದು, ಗೇರ್‌ಬಾಕ್ಸಿನ ಸ್ಕ್ರೂ ಬಿಚ್ಚಿ, ನಿಧಾನಕ್ಕೆ ಎರಡು ಹೋಳು ಮಾಡಿ. ಗ್ರೀಸ್ ಒಳಗೆ ಪ್ಲಾಸ್ಟಿಕ್ ಗೇರ್‌ಗಳು ಒಂದರ ಪಕ್ಕ ಒಂದು ಕೂತಿರುತ್ತವೆ. ಮೋಟರಿನ ಪುಟ್ಟ ಹಲ್ಲುಚಕ್ರಕ್ಕೆ ತಾಗಿಕೊಂಡ ಮೊದಲ ಗೇರನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ನೂರಕ್ಕೆ ಎಂಬತ್ತು ಸಲ ಅಲ್ಲೇ ನಾಲ್ಕೈದು ಹಲ್ಲು ಬೋಳಾಗಿರುತ್ತವೆ, ಮುರಿದ ಚೂರುಗಳು ಗ್ರೀಸಿನಲ್ಲಿ ಅಕ್ಕಿ ನುಚ್ಚಿನ ಹಾಗೆ ಸಿಗುತ್ತವೆ. ಗಾಡಿ ಇನ್ನೂ ಮುಂದೆ ಹೋಗುತ್ತಿರುವಾಗಲೇ ಮಗು ರಿವರ್ಸ್ ಹಾಕಿದರೆ ಆಗೋದು ಇದೇ.

ಗೇರ್ ಬಿಡಿಯಾಗಿ ಸಿಕ್ಕರೆ ಸರಿ. ಇಲ್ಲದಿದ್ದರೆ ಮೋಟರ್ ಸಮೇತ ಗೇರ್‌ಬಾಕ್ಸ್ ಜೋಡಿಯನ್ನೇ ತನ್ನಿ. ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯಲ್ಲಿ ವಿಚಾರಿಸಿ. ಗುಜರಿಯಲ್ಲಿ ಇನ್ನೊಂದು ಒಡೆದ ಗಾಡಿ ಸಿಕ್ಕರೆ ಇನ್ನೂ ಒಳ್ಳೆಯದು, ಜೂನಾ ಬಜಾರ್ ಬುಧವಾರ ಮತ್ತು ಭಾನುವಾರ ಇರುತ್ತದಲ್ಲ. ಮುಂಬೈಗೆ ಹೋಗೋದಿದ್ದರೆ ಲ್ಯಾಮಿಂಗ್ಟನ್ ರಸ್ತೆಯಲ್ಲೂ ಕೇಳಬಹುದು. ಎಲ್ಲೇ ತಂದರೂ ಎರಡೂ ಕಡೆಗೆ ಒಂದೇ ತರಹದ್ದು ಇರಲಿ. ಮೋಟರ್ ಮೇಲೆ ವೋಲ್ಟ್ ಮತ್ತು ಸುತ್ತು ಬರೆದಿರುತ್ತಾರೆ, ಎರಡೂ ಹೊಂದಬೇಕು, ಚಕ್ರಕ್ಕೆ ಸಿಕ್ಕಿಕೊಳ್ಳುವ ಹಲ್ಲಿನ ತಲೆಯೂ ಹೊಂದಬೇಕು. ಒಂದು ಬೇಗ ಒಂದು ನಿಧಾನ ಆದರೆ ಗಾಡಿ ಒಂದೇ ಕಡೆ ಎಳೆಯುತ್ತದೆ.

24 ವೋಲ್ಟ್ ಬೇಡವೇ ಬೇಡ. 12 ವೋಲ್ಟಿನಲ್ಲಿ ಗಂಟೆಗೆ 4 ಕಿಲೋಮೀಟರ್ ಹೋಗುವ ಗಾಡಿ 24ರಲ್ಲಿ ಸುಮಾರು 8 ಹೋಗುತ್ತದೆ. 4 ಅಂದರೆ ನೀವು ಪಕ್ಕದಲ್ಲಿ ನಡೆಯುತ್ತಾ ಬರಬಹುದು, 8 ಅಂದರೆ ಓಡಬೇಕು. ವೇಗ ಎರಡು ಪಟ್ಟಾದರೆ ಗೋಡೆಗೆ ಗುದ್ದುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆ ನಾಲ್ಕು ಪಟ್ಟು ಹೊಡೆತ ಬೀಳೋದು ಗದ್ದಕ್ಕೆ. ಇನ್ನು ಆ ಪ್ಲಾಸ್ಟಿಕ್ ಗೇರ್ ಮೊದಲ ವಾರದಲ್ಲೇ ಹಲ್ಲು ಉದುರಿಸುತ್ತದೆ.

ರ‍್ಯಾಂಪಿನ ಲೆಕ್ಕ ನೋಡಿ. ಗಾಡಿ, ಬ್ಯಾಟರಿ, ಮಗು ಸೇರಿ 40 ಕಿಲೋ ಅಂದುಕೊಳ್ಳೋಣ. ಸಮ ನೆಲದಲ್ಲಿ ಇದನ್ನು ತಳ್ಳಲು ಒಂದೂಕಾಲು ಕಿಲೋ ತೂಕದಷ್ಟು ಬಲ ಸಾಕು. 10 ಮೀಟರಿಗೆ 1 ಮೀಟರ್ ಏರುವ ರ‍್ಯಾಂಪಿನಲ್ಲಿ ಅದರ ಮೇಲೆ ಇನ್ನೂ 4 ಕಿಲೋ ಸೇರುತ್ತದೆ, ಅಂದರೆ ನಾಲ್ಕು ಪಟ್ಟಿಗಿಂತ ಜಾಸ್ತಿ. ಮೋಟರ್ ಅಷ್ಟೇ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. ಹತ್ತಿದರೂ, ಮತ್ತೆ ಇಳಿಯಬೇಕಲ್ಲ? ನಿಮ್ಮ ಗೇರ್‌ಬಾಕ್ಸ್ ವರ್ಮ್ ತರಹ ಕಚ್ಚಿಕೊಳ್ಳೋದಿಲ್ಲ, ಇಳಿಜಾರಿನಲ್ಲಿ ಜಾರುತ್ತದೆ. ಬೇಸ್‌ಮೆಂಟಿನಿಂದ ಕಾರುಗಳು ಮೇಲೆ ಬರುವ ದಾರಿ ಅದು, ಮುಂದೆ ಕೂತ ನಿಮ್ಮ ಮಗಳು ಡ್ರೈವರ್ ಕಣ್ಣಿಗೆ ಬಾನೆಟ್‌ಗಿಂತ ಕೆಳಗೆ ಇರ್ತಾಳೆ. ರ‍್ಯಾಂಪ್ ಕಡೆ ಹೋಗುವಂತಿಲ್ಲ ಅಂತ ಮೊದಲ ದಿನವೇ ಹೇಳಿ, ವಾಚ್‌ಮನ್ ಕಾಕಾಗೂ ಹೇಳಿಡಿ.

ಈಗ ವೈರಿಂಗ್. ಎರಡೂ ಮೋಟರನ್ನು ಸದ್ಯಕ್ಕೆ ಸೀರೀಸ್‌ನಲ್ಲಿ ಜೋಡಿಸಿ, ಒಂದರ ಬಾಲಕ್ಕೆ ಇನ್ನೊಂದು. ಪ್ರತಿಯೊಂದಕ್ಕೂ 6 ವೋಲ್ಟ್ ಸಿಗುತ್ತದೆ, ವೇಗ ಅರ್ಧ ಆಗುತ್ತದೆ, ಜರ್ಕ್ ಹೊಡೆಯದೆ ಹೊರಡುತ್ತದೆ. ತಿರುವಿನಲ್ಲಿ ಒಳಗಿನ ಚಕ್ರ ನಿಧಾನವಾಗಿ ಹೊರಗಿನದ್ದು ಬೇಗ ತಿರುಗಲೂ ಇದು ಸಹಾಯ ಮಾಡುತ್ತದೆ. ಆರು ತಿಂಗಳು ಹೀಗೇ ಓಡಿಸಲಿ, ಆಮೇಲೆ ಪ್ಯಾರಲಲ್ ಮಾಡಿ, ಅಂದರೆ ಎರಡಕ್ಕೂ ಪೂರ್ತಿ 12 ವೋಲ್ಟ್ ಸಿಗುವ ಹಾಗೆ ಜೋಡಿಸಿ.

ಪೆಡಲ್ ಸ್ವಿಚ್ಚಿನಲ್ಲಿ ಮೋಟರಿನ ಕರೆಂಟ್ ಹರಿಸಬೇಡಿ. ಆಟೋ ಎಲೆಕ್ಟ್ರಿಕ್ ಅಂಗಡಿಯಲ್ಲಿ 12 ವೋಲ್ಟಿನ ಐದು ಪಿನ್ ರಿಲೇ ಸಿಗುತ್ತದೆ, ಕಾರಿನ ಹಾರ್ನ್‌ಗೆ ಹಾಕೋ ತರಹದ್ದು. 30, 85, 86, 87, 87ಎ ಅಂತ ಪಿನ್ ಮೇಲೆ ನಂಬರ್ ಇರುತ್ತದೆ. 85, 86 ರಿಲೇ ಒಳಗಿನ ಸುರುಳಿಯ ಎರಡು ತುದಿ, ಬ್ಯಾಟರಿಯಿಂದ ಅದಕ್ಕೆ ಹೋಗುವ ಕರೆಂಟ್ ಪೆಡಲ್ ಸ್ವಿಚ್ ಮೂಲಕ ಹೋಗಲಿ. 87ಕ್ಕೆ ಫ್ಯೂಸ್ ಮೂಲಕ ಬ್ಯಾಟರಿಯ ಪ್ಲಸ್. 30ರಿಂದ ಮೋಟರ್ ಕಡೆಗೆ, ಮೋಟರಿನ ಇನ್ನೊಂದು ತುದಿ ಬ್ಯಾಟರಿಯ ಮೈನಸ್‌ಗೆ. ಇಷ್ಟಕ್ಕೆ ನಿಲ್ಲಿಸುವವರೇ ಜಾಸ್ತಿ, ಖಾಲಿ ಉಳಿಯುವ 87ಎ ಪಿನ್ನೇ ನಿಮ್ಮ ಬ್ರೇಕು. ಅದನ್ನು ಬ್ಯಾಟರಿಯ ಮೈನಸ್‌ಗೆ ಕೊಡಿ. ಕಾಲು ತೆಗೆದ ತಕ್ಷಣ ಮೋಟರಿನ ಎರಡೂ ತುದಿ ಒಂದಕ್ಕೊಂದು ಸೇರಿಬಿಡುತ್ತವೆ, ಆಗ ತಿರುಗುತ್ತಿರುವ ಮೋಟರ್ ತಾನೇ ಜನರೇಟರ್ ಆಗಿ ತನ್ನನ್ನೇ ಹಿಡಿಯುತ್ತದೆ. ನಂಬಿಕೆ ಬರದಿದ್ದರೆ ಕೈಯಲ್ಲೇ ನೋಡಿ: ಬಿಡಿ ಗೇರ್‌ಬಾಕ್ಸಿನ ಚಕ್ರ ತಿರುಗಿಸಿ, ಆಮೇಲೆ ಮೋಟರಿನ ಎರಡು ವೈರ್ ಸೇರಿಸಿ ಹಿಡಿದು ಮತ್ತೆ ತಿರುಗಿಸಿ. ಯಾರೋ ಒಳಗಿನಿಂದ ಹಿಡಿದುಕೊಂಡ ಹಾಗೆ ಭಾರ ಆಗುತ್ತದೆ. ಅಂಗಡಿಯ ಗಾಡಿಗಳೂ ಹೀಗೇ ನಿಲ್ಲೋದು. ಆದರೆ ಇದು ಓಡುವ ಗಾಡಿಯನ್ನು ನಿಲ್ಲಿಸುತ್ತದೆ ಅಷ್ಟೇ, ಇಳಿಜಾರಿನಲ್ಲಿ ನಿಂತದ್ದನ್ನು ಹಿಡಿದಿಡೋದಿಲ್ಲ, ಮೆಲ್ಲಗೆ ತೆವಳುತ್ತದೆ.

ರಿವರ್ಸ್ ಸ್ವಿಚ್ ರಿಲೇ ಆದ ಮೇಲೆ, ಮೋಟರ್‌ಗೆ ಮುಂಚೆ ಬರಲಿ. ಆಗ ಮುಂದೆ ಹೋದರೂ ಹಿಂದೆ ಹೋದರೂ ಬ್ರೇಕ್ ಹಿಡಿಯುತ್ತದೆ. ಆ ಸ್ವಿಚ್ ಮಗಳಿಗೆ ಸುಲಭವಾಗಿ ಎಟುಕದ ಜಾಗದಲ್ಲಿ ಇರಲಿ.

ರಿಲೇ ಕೂಡ ಅಂಟಿಕೊಳ್ಳಬಹುದು, ಅಪರೂಪಕ್ಕೆ. ಅದಕ್ಕೇ ಬ್ಯಾಟರಿಯ ಪ್ಲಸ್ ಲೈನಿನಲ್ಲೇ ಗಾಡಿಯ ಹಿಂಭಾಗದಲ್ಲಿ ಒಂದು ಕಿತ್ತು ತೆಗೆಯುವ ಕನೆಕ್ಟರ್ ಹಾಕಿ. ಡ್ರೋನ್, ಇ-ಬೈಕಿಗೆ ಬರುವ ಹಳದಿ ಬಣ್ಣದ ಎಕ್ಸ್‌ಟಿ60 ಚೆನ್ನಾಗಿರುತ್ತದೆ. ಅದಕ್ಕೆ ಒಂದು ಕೆಂಪು ದಾರ ಕಟ್ಟಿ ಹೊರಗೆ ಇಳಿಬಿಡಿ. ಹಿಂದೆ ನಡೆದು ಬರುವ ನೀವೋ ಅಜ್ಜಿಯೋ ಎಳೆದರೆ ಸಾಕು, ಎಲ್ಲ ಬಂದ್. ರಿಮೋಟ್ ಕೂಡ ಹಾಕಬಹುದು, ಆದರೆ ರಿಮೋಟಿನ ಸೆಲ್ ಮುಗಿಯೋ ದಿನವೂ ಬರುತ್ತದೆ. ದಾರ ಮಾತ್ರ ಬಿಡಬೇಡಿ.

ವೈರ್ 2.5 ಸ್ಕ್ವೇರ್ ಎಂಎಂನ ಮಲ್ಟಿ ಸ್ಟ್ರ್ಯಾಂಡ್ (ಹಲವು ಎಳೆಯ) ತಾಮ್ರದ್ದು. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಬ್ಲೇಡ್ ಫ್ಯೂಸ್. ಏಳುವಾಗಿನ 20, 25 ಆಂಪಿಯರ್ ಕ್ಷಣ ಮಾತ್ರ ಇರೋದರಿಂದ ಸಾಮಾನ್ಯವಾಗಿ ಅದು ತಡೆದುಕೊಳ್ಳುತ್ತದೆ. ಫ್ಯೂಸ್ ದೂರ ಇದ್ದರೆ, ಅದರ ಹಿಂದಿನ ವೈರ್ ಉಜ್ಜಿ ಶಾರ್ಟ್ ಆದಾಗ ಕಾಪಾಡುವವರು ಯಾರೂ ಇಲ್ಲ. ಫ್ಯೂಸ್ ಪದೇ ಪದೇ ಹೋದರೆ 30ರದ್ದು ಹಾಕಿ ಸುಮ್ಮನಾಗಬೇಡಿ, ಯಾವ ಚಕ್ರ ಬಿಗಿಯಾಗಿದೆ ನೋಡಿ.

ನಿಮ್ಮ ಯುಪಿಎಸ್ ಬ್ಯಾಟರಿಗಳು ಸೀಲ್ ಮಾಡಿದ ಲೆಡ್ ಆಸಿಡ್‌ನವು, ಲಿಥಿಯಂನಷ್ಟು ಅಪಾಯ ಇಲ್ಲ. ಕೈಕೊಟ್ಟರೆ ಸಾಮಾನ್ಯವಾಗಿ ಗಾಡಿ ನಿಲ್ಲುತ್ತದೆ ಅಷ್ಟೇ. ಹಾಗಾಗಿ ಪರೀಕ್ಷೆ ಪಾಸಾದರೆ ಬಳಸಿ. ಹೊಟ್ಟೆ ಉಬ್ಬಿದ್ದರೆ, ಟರ್ಮಿನಲ್ ಸುತ್ತ ಹಸಿರು ಬಿಳಿ ಪುಡಿ ಇದ್ದರೆ ಅಲ್ಲೇ ಬಿಡಿ. ಚೆನ್ನಾಗಿದ್ದರೆ ಫುಲ್ ಚಾರ್ಜ್ ಮಾಡಿ ಒಂದು ರಾತ್ರಿ ಸುಮ್ನೆ ಇಡಿ, ಬೆಳಗ್ಗೆ ಮಲ್ಟಿಮೀಟರ್‌ನಲ್ಲಿ (ವೋಲ್ಟ್ ಅಳೆಯುವ ಮೀಟರ್) 12.7 ವೋಲ್ಟಿನ ಆಸುಪಾಸು ತೋರಿಸಬೇಕು. ಆಮೇಲೆ ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಉರಿಸಿ, ಅದು ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಅರ್ಧ ಗಂಟೆ ಆದ ಮೇಲೂ 11.5ಕ್ಕಿಂತ ಮೇಲಿದ್ದರೆ ಬ್ಯಾಟರಿಯಲ್ಲಿ ಜೀವ ಇದೆ. ಹತ್ತು ನಿಮಿಷಕ್ಕೇ 10.5ಕ್ಕೆ ಇಳಿದರೆ ಒಳಗಿನ ಪ್ಲೇಟು ಸಲ್ಫೇಟ್ ಕಟ್ಟಿ ಸತ್ತಿವೆ. ಬ್ಯಾಟರಿ ಅಂಗಡಿಯಲ್ಲಿ ಹಳೆಯದು ಕೊಟ್ಟು ಹೊಸದು ತನ್ನಿ, ಸೀಸ ಇರೋದರಿಂದ ಹಳೆಯದಕ್ಕೆ ಒಂದಿಷ್ಟು ದುಡ್ಡು ಕಡಿಮೆ ಮಾಡ್ತಾರೆ. ಎರಡರಲ್ಲಿ ಒಂದು ಮಾತ್ರ ಪಾಸಾದರೆ ಒಂದನ್ನೇ ಬಳಸಿ, ಚೆನ್ನಾಗಿರೋದನ್ನು ಕೆಟ್ಟಿದ್ದರ ಜೊತೆ ಜೋಡಿಸಬೇಡಿ. ಒಂದೇ ಬ್ಯಾಟರಿಯಲ್ಲೂ ಮುಕ್ಕಾಲು ಗಂಟೆ ಆಟ ನಡೆಯುತ್ತದೆ, ಅಷ್ಟೊತ್ತಿಗೆ ಅವಳಿಗೂ ಹಸಿವಾಗಿರುತ್ತದೆ.

ಒಂದು ಬ್ಯಾಟರಿ ಎರಡು ಕಿಲೋ ದಾಟುತ್ತದೆ. ಸೀಟಿನ ಕೆಳಗೆ, ಆದಷ್ಟು ನೆಲಕ್ಕೆ ಹತ್ತಿರ, ಬೆಲ್ಟ್ ಹಾಕಿ ಬಿಗಿಯಿರಿ. ಟರ್ಮಿನಲ್ ಮೇಲೆ ರಬ್ಬರ್ ಟೋಪಿ. ಗಾಳಿಯಾಡಲು ಜಾಗ ಇರಲಿ. ಚಾರ್ಜಿಂಗ್ ಮಗು ಮಲಗುವ ಕೋಣೆಯಲ್ಲಿ ಬೇಡ, ಚಾರ್ಜ್ ಆಗುತ್ತಿರುವಾಗ ಅವಳು ಗಾಡಿಯಲ್ಲಿ ಕೂರುವುದೂ ಬೇಡ.

ಪೇಂಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ಗುಜರಿಯ ಕಬ್ಬಿಣ ಸೇರಿಸಿದರೆ ಅದರ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮನೆಯೊಳಗೆ ಉಜ್ಜಬೇಡಿ, ಆ ಪುಡಿ ಮಗುವಿನ ಕೈಗೆ, ಬಾಯಿಗೆ ಹೋಗುತ್ತದೆ. ನಮ್ಮಲ್ಲಿ ಮನೆಗೆ ಬಳಿಯುವ ಪೇಂಟಿಗೆ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಸೀಸದ ಮಿತಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಹಾಗಾಗಿ ಮನೆಗೆ ಬಳಿಯುವ ಎನಾಮೆಲ್ ಡಬ್ಬಿಯನ್ನೇ ಹೊಸದಾಗಿ ತನ್ನಿ. ಕಾರ್ಖಾನೆಯಲ್ಲಿ ಉಳಿದ ಪೇಂಟ್ ಅಗ್ಗ ಅಂತ ತರಬೇಡಿ.

ಪಕ್ಕದ ಫ್ಲ್ಯಾಟಿನವರಿಗೆ ದುಡ್ಡಿಗೆ ಮಾಡಿಕೊಡೋದು ಬೇಡ. 14 ವರ್ಷದೊಳಗಿನ ಮಕ್ಕಳ ಆಟಿಕೆ ಮಾಡಿ ಮಾರಬೇಕಾದರೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಕರೆಂಟಿನ ಆಟಿಕೆಗೆ ಐಎಸ್ 15644 ಅಂತ ಬೇರೆ ಮಾನದಂಡವೇ ಇದೆ. ಅವರನ್ನೂ ಕರೆದು ಜೊತೆಗೆ ಕೂರಿಸಿಕೊಂಡು ಕಲಿಸಿ, ತಮ್ಮ ಮಗುವಿಗೆ ತಾವೇ ಮಾಡಿಕೊಳ್ಳಲಿ.

ಎಲ್ಲ ಮುಗಿದ ಮೇಲೆ ಮಗಳನ್ನು ತಕ್ಷಣ ಕೂರಿಸಬೇಡಿ. ಅವಳು ಕೇಳ್ತಾಳೆ, ಅಳ್ತಾಳೆ, ಆದರೂ ಒಂದು ದಿನ ತಡೆಯಿರಿ. ಗಾಡಿಯ ಹಿಂಭಾಗವನ್ನು ಇಟ್ಟಿಗೆ ಮೇಲೆ ಎತ್ತಿ, ಪೆಡಲ್ ಐವತ್ತು ಸಲ ಒತ್ತಿ ಬಿಡಿ. ಪ್ರತಿ ಸಲವೂ ಚಕ್ರ ನಿಲ್ಲಬೇಕು, ನಲವತ್ತೊಂಬತ್ತು ಸಲ ನಿಂತರೆ ಸಾಲದು. ಐದು ನಿಮಿಷ ಓಡಿಸಿ ವೈರು, ರಿಲೇ, ಕನೆಕ್ಟರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳು ಇಡಲು ಆಗದಿದ್ದರೆ ಜಾಯಿಂಟ್ ಸಡಿಲ ಇದೆ. ಚಕ್ರಕ್ಕೂ ಬಾಡಿಗೂ ನಡುವೆ ಪುಟ್ಟ ಬೆರಳು ಸಿಕ್ಕಿಕೊಳ್ಳುವ ಸಂದು ಇದೆಯಾ ನೋಡಿ, ಇದ್ದರೆ ಮುಚ್ಚಿ. ಆಮೇಲೆ ಸೀಟಿಗೆ 20 ಕಿಲೋ ಜೋಳದ ಹಿಟ್ಟಿನ ಚೀಲ ಕಟ್ಟಿ, ಪಾರ್ಕಿಂಗಿನ ಸಮ ನೆಲದಲ್ಲಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಪಕ್ಕದಲ್ಲಿ ನಡೆಯುತ್ತಾ ಕೈಯಲ್ಲೇ ಪೆಡಲ್ ಒತ್ತಿ, ಗೆರೆಯ ಮೇಲೆ ಬಂದಾಗ ಬಿಡಿ. ಒಂದು ಮೀಟರಿನೊಳಗೆ ನಿಲ್ಲಬೇಕು. ಇನ್ನೊಮ್ಮೆ ಪೆಡಲ್ ಒತ್ತಿಕೊಂಡೇ ಇದ್ದು, ಕೆಂಪು ದಾರ ಎಳೆಯಲು ಮನೆಯವರಿಗೆ ಹೇಳಿ. ಹತ್ತು ಸಲ ಹೀಗೆ ಮಾಡಿ.

ಅದಕ್ಕೂ ಮುಂಚೆ ಗೇರ್‌ಬಾಕ್ಸ್ ಬಿಚ್ಚಿದಾಗ ಆ ಮೊದಲ ಗೇರಿನ ಹಲ್ಲು ಎಣಿಸಿ, ಮೋಟರ್ ಮೇಲೆ ಬರೆದಿದ್ದನ್ನು ಫೋಟೋ ತೆಗೆದು ನನಗೆ ಕಳಿಸಿ. ಈ ಭಾನುವಾರ ಬಜಾರಿಗೆ ಹೋಗೋ ಮುಂಚೆ ಕಳಿಸಿದರೆ ಯಾವುದನ್ನು ಹುಡುಕಬೇಕು ಅಂತ ಸರಿಯಾಗಿ ಹೇಳ್ತೀನಿ.